ಬೋರ್ಡು ಇಳಿಸಿದ ಬೀದಿ

ಹದಿನಾಲ್ಕನೇ ತಾರೀಖು, ಮಂಗಳವಾರ
ಅಂಗಡಿಯಿಂದ, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನಿನ್ನ ಕಾಗದ ಬಂದು ಐದು ದಿನ ಆಯಿತು. ನಾಲ್ಕೇ ಸಾಲು ಬರೆದಿದ್ದೀ. ಶನಿವಾರ ಬರುತ್ತೇನೆ ಅಂತ ಒಂದು ಸಾಲು, ಅಪ್ಪನನ್ನು ನೋಡಲು ಏನೇನು ಕಾಗದಪತ್ರ ತರಬೇಕು ಅಂತ ಒಂದು ಸಾಲು, ಭಾವನಿಗೆ ರಜೆ ಸಿಗಲಿಲ್ಲ ಅಂತ ಇನ್ನೊಂದು. ನಾಲ್ಕನೇ ಸಾಲು ನನಗೆ ಬಾಯಿಪಾಠ ಆಗಿಹೋಗಿದೆ. ಅರವತ್ತೆಂಟು ವರ್ಷದ ಮನುಷ್ಯನನ್ನು ಬೀದಿಗಿಳಿಸಿದವಳು ನೀನು, ಈಗ ಏನು ಮಾಡೋಣ ನೀನೇ ಹೇಳು.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ನೀನು ಅಳುತ್ತೀ, ನಾನೂ ಅಳುತ್ತೇನೆ, ಕೊನೆಗೆ ಇಬ್ಬರೂ ಊಟ ಆಯಿತಾ ಅಂತ ಕೇಳಿಕೊಂಡು ಇಟ್ಟುಬಿಡುತ್ತೇವೆ. ಶನಿವಾರ ಅಪ್ಪ ನಿನಗೆ ಅವರ ಕಡೆಯ ಕಥೆ ಹೇಳುತ್ತಾರೆ. ಅದು ಕೇಳುವುದಕ್ಕೆ ಚೆನ್ನಾಗಿರುತ್ತದೆ, ಆದರೆ ನಿಜವಲ್ಲ. ಅದಕ್ಕೇ ನನ್ನದನ್ನು ಮೊದಲು ಓದಿಕೊಂಡು ಬಾ.

ಬೋರ್ಡು ತೆರಿಗೆಯ ಸುದ್ದಿ ನಿನಗೆ ಗೊತ್ತು, ಅದು ಬಂದ ಬಗೆ ಗೊತ್ತಿಲ್ಲ. ಒಂದು ಬೆಳಿಗ್ಗೆ ನಗರಸಭೆಯ ಇಬ್ಬರು ಟೇಪು ಹಿಡಿದುಕೊಂಡು ಬಂದು ನಮ್ಮ ಬೀದಿಯ ಒಂದೊಂದು ಬೋರ್ಡನ್ನೂ ಅಳೆದರು. ರಸ್ತೆ ಅಗಲ ಮಾಡುತ್ತಾರೇನೋ ಅಂದುಕೊಂಡೆವು. ಎತ್ತರದ ಬೋರ್ಡು ಕೈಗೆಟುಕಲಿಲ್ಲ ಅಂತ ಅಪ್ಪ ಅವರಿಗೆ ಏಣಿ ಕೊಟ್ಟರು. ಹೌದಕ್ಕಾ, ನಮ್ಮ ಏಣಿಯನ್ನೇ. ಮೆಟ್ಟಿಲು ಒಂದು ಸಡಿಲ ಇದೆ, ನೋಡಿಕೊಂಡು ಹತ್ತಿ ಅಂತ ಬುದ್ಧಿ ಬೇರೆ ಹೇಳಿದರು. ತಿಂಗಳಾದ ಮೇಲೆ ಅಂಗಡಿ ಅಂಗಡಿಗೆ ಚೀಟಿ ಬಂತು. ಬೋರ್ಡಿನ ಉದ್ದಗಲಕ್ಕೆ ತಕ್ಕ ತೆರಿಗೆ, ಹಿಂದಿನ ಮೂರು ವರ್ಷದ್ದೂ ಸೇರಿಸಿ. ಬೋರ್ಡು ಅಂದರೆ ಸಾರ್ವಜನಿಕರ ಕಣ್ಣನ್ನು ಬಳಸಿಕೊಳ್ಳುವುದಂತೆ, ಇದು ಆ ಕಣ್ಣಿನ ಬಾಡಿಗೆಯಂತೆ. ಚಾಕು ಸಾಣೆ ಹಿಡಿಯುವ ಅಜ್ಜ ಸೀಮೆಸುಣ್ಣದಲ್ಲಿ ಬರೆದು ಗಾಡಿಗೆ ನೇತುಹಾಕುವ ಸ್ಲೇಟಿಗೂ ಚೀಟಿ ಬಂದಿತ್ತು.

ಈ ಹಣ ಎಲ್ಲಿಗೆ ಹೋಗುತ್ತದೆ ಅಂತ ಕೇಳಿದ್ದಕ್ಕೆ ದೊಡ್ಡರಸ್ತೆಯ ಕೊನೆಯಲ್ಲಿ ಕಟ್ಟುತ್ತಿದ್ದ ಹೊಸ ಸಭಾಭವನದ ಕಡೆ ಬೆರಳು ತೋರಿಸಿದರು. ಗಾಜಿನ ಚಾವಣಿ, ಬಿಳಿಕಲ್ಲಿನ ಗೋಡೆ, ಎರಡೇ ಮಹಡಿಗೆ ಎರಡು ಲಿಫ್ಟು, ಮುಂದೆ ಬಣ್ಣ ಬದಲಾಯಿಸುವ ಕಾರಂಜಿ. ನಮ್ಮ ಬೀದಿಯ ಚರಂಡಿಗೆ ಎರಡು ವರ್ಷದಿಂದ ಮುಚ್ಚಳ ಇಲ್ಲ. ವಾಚ್ ರಿಪೇರಿಯವರ ಹೆಂಡತಿ ಅದರಲ್ಲಿ ಕಾಲು ಹಾಕಿ ಮೂಳೆ ಮುರಿದುಕೊಂಡು ಈಗಲೂ ಕುಂಟುತ್ತಾರೆ. ನಾಲ್ಕು ಬೀದಿದೀಪಗಳಲ್ಲಿ ಉರಿಯುವುದು ಒಂದು, ಅದೂ ಹಗಲು ಮಾತ್ರ.

ಮೊದಲು ಹೊರಟವಳು ಸೂಜಿ. ಮೂಲೆಯ ಟೈಲರ್, ಮಾತಾಡಿದರೆ ಚುಚ್ಚುತ್ತಾಳೆ ಅಂತ ನೀನೇ ಇಟ್ಟ ಹೆಸರು, ಈಗ ಬೀದಿಗೆಲ್ಲ ಅದೇ ಹೆಸರು. ಅರ್ಜಿ ಬರೆಸಿಕೊಂಡು ಮೂರು ಸಲ ನಗರಸಭೆಗೆ ಹೋದಳು. ಒಂದನೇ ಸಲ ಸಾಹೇಬರು ಸಭೆಯಲ್ಲಿದ್ದರು, ಎರಡನೇ ಸಲ ಊಟದಲ್ಲಿದ್ದರು, ಮೂರನೇ ಸಲ ಅರ್ಜಿಯೇ ಕಳೆದುಹೋಗಿತ್ತು. ಅವತ್ತು ಬಂದು ನಮ್ಮ ಅಂಗಡಿಯಲ್ಲಿ ಖಾಲಿ ಬಣ್ಣದ ಡಬ್ಬದ ಮೇಲೆ ಕುಕ್ಕರಿಸಿ ಕೂತಳು. ನಾನು ಬ್ರಶ್ಶು ತೊಳೆಯುತ್ತಾ ತಮಾಷೆಗೆ, ಬೋರ್ಡೇ ಇಲ್ಲದಿದ್ದರೆ ಅವರು ಏನು ಅಳೆಯುತ್ತಾರೆ ಅಂದೆ.

ಆ ಮಾತು ನನ್ನದು ಅಕ್ಕಾ. ಅದನ್ನು ಒಪ್ಪಿಕೊಳ್ಳುತ್ತೇನೆ. ಸೂಜಿ ಎದ್ದು ನಿಂತಳು. ಸಂಜೆಯೊಳಗೆ ಬೀದಿಗೆ ಬೀದಿಯೇ ಆ ಮಾತಾಡುತ್ತಿತ್ತು.

ಅಪ್ಪ ಆ ರಾತ್ರಿ ಬೀದಿಯ ಒಂದೊಂದು ಬೋರ್ಡಿನ ಮುಂದೆಯೂ ನಿಂತು ನೋಡಿಕೊಂಡು ಬಂದರು. ನಮ್ಮ ಬೀದಿಯ ಮೂವತ್ತೊಂದು ಬೋರ್ಡುಗಳಲ್ಲಿ ಇಪ್ಪತ್ತೇಳು ಅವರ ಕೈಯವು. ಬಟ್ಟೆ ಅಂಗಡಿಯದು ನೀನು ಹುಟ್ಟುವ ಮುಂಚಿನದು. ಎಲ್ಲ ಕಡೆ ಫ್ಲೆಕ್ಸು ಬಂದರೂ ಈ ಒಂದು ಬೀದಿ ಅಪ್ಪನ ಬೋರ್ಡುಗಳನ್ನು ಬಿಟ್ಟುಕೊಟ್ಟಿರಲಿಲ್ಲ. ಮಾರನೇ ಬೆಳಿಗ್ಗೆ ಕಾಫಿ ಕುಡಿದು, ಇಳಿಸುವುದೇ ಆದರೆ ಈ ಅಂಗಡಿಯವರು ಸುತ್ತಿಗೆಯಲ್ಲಿ ಬಡಿದು ಸೀಳುತ್ತಾರೆ, ನಾನೇ ಸ್ಕ್ರೂ ಬಿಚ್ಚುತ್ತೇನೆ ಅಂತ ಹೊರಟರು. ನಾನು ಬೇಡ ಅನ್ನಲಿಲ್ಲ. ಏಣಿ ಹಿಡಿದುಕೊಂಡೆ. ಎರಡು ದಿನ ಹಿಡಿಯಿತು. ಬೋರ್ಡಿನ ಹಿಂದೆ ಏನೇನಿತ್ತು ಗೊತ್ತಾ? ಹಲ್ಲಿ ಮೊಟ್ಟೆ, ಗುಬ್ಬಿಯ ಹಳೇ ಗೂಡು, ಮದ್ದಿನಂಗಡಿಯದರ ಹಿಂದೆ ಯಾರದೋ ಒಂದು ಹಲ್ಲುಸೆಟ್ಟು. ಒಂದೊಂದು ಬೋರ್ಡಿನ ಜಾಗದಲ್ಲೂ ಗೋಡೆ ಮೊದಲು ಯಾವ ಬಣ್ಣ ಇತ್ತೋ ಆ ಬಣ್ಣದ ಚೌಕ. ಇಡೀ ಬೀದಿ ಕನ್ನಡಕ ತೆಗೆದ ಮುಖದ ಹಾಗೆ ಕಾಣುತ್ತಿತ್ತು.

ಆ ಗುರುವಾರದ ಮೆರವಣಿಗೆಯನ್ನು ನೀನು ನೋಡಬೇಕಿತ್ತು. ಎಲ್ಲರೂ ಅವರವರ ಬೋರ್ಡನ್ನು ತಲೆಯ ಮೇಲೆ ಹೊತ್ತುಕೊಂಡು ನಗರಸಭೆಗೆ ನಡೆದರು. ವಾಚ್ ರಿಪೇರಿಯವರು ತಮ್ಮ ದೊಡ್ಡ ಗಡಿಯಾರದ ಬೋರ್ಡು ಹೊತ್ತು ಮುಂದೆ, ಅವರ ಹೆಂಡತಿ ಕುಂಟುತ್ತಾ ಪಕ್ಕದಲ್ಲಿ. ಅಜ್ಜ ಸ್ಲೇಟು ಎತ್ತಿ ಹಿಡಿದಿದ್ದ. ಔಷಧಿಯ ರಟ್ಟಿನ ಪೆಟ್ಟಿಗೆ ಕತ್ತರಿಸಿ ಅಪ್ಪ ಬರಹಗಳನ್ನು ಬರೆದುಕೊಟ್ಟಿದ್ದರು, ಮೊದಲು ಚರಂಡಿಗೆ ಮುಚ್ಚಳ, ಆಮೇಲೆ ಗಾಜಿನ ಚಾವಣಿ ಅಂತ. ನಗರಸಭೆಯ ಮುಂದೆ ಬೋರ್ಡುಗಳನ್ನೆಲ್ಲ ಸಾಲಾಗಿ ಇಟ್ಟು, ತೆರಿಗೆ ಇವುಗಳಿಂದಲೇ ವಸೂಲು ಮಾಡಿಕೊಳ್ಳಿ ಅಂತ ಕೂತೆವು. ಹದಿನೆಂಟು ದಿನ ಕೂತೆವು. ಸರದಿಯಲ್ಲಿ, ಅರ್ಧ ದಿನ ಅಂಗಡಿ ಅರ್ಧ ದಿನ ಅಲ್ಲಿ. ಪಕ್ಕದ ಬೀದಿಯವರೂ ಬಂದರು, ಮಾರುಕಟ್ಟೆಯವರೂ ಬಂದರು. ಬೋರ್ಡಿಲ್ಲದ ಬೀದಿಯಲ್ಲಿ ಹಲ್ಲು ಕೀಳಿಸಿಕೊಳ್ಳಲು ಬಂದವನೊಬ್ಬ ಕೆನ್ನೆ ಹಿಡಿದುಕೊಂಡು ನೇರವಾಗಿ ಸೂಜಿಯ ಅಂಗಡಿಗೆ ನುಗ್ಗಿ ಬಾಯಿ ತೆರೆದು ಕೂತನಂತೆ. ನಕ್ಕು ನಕ್ಕು ಸಾಕಾಯಿತು. ಅಮ್ಮ ಹೋದ ಮೇಲೆ ಅಪ್ಪ ಅಷ್ಟು ಜೋರಾಗಿ ನಕ್ಕದ್ದನ್ನು ನಾನು ನೋಡಿರಲಿಲ್ಲ. ಅದಕ್ಕೇ ನಿನಗೆ ಆಗ ಫೋನಿನಲ್ಲಿ ಎಲ್ಲ ಚೆನ್ನಾಗಿದೆ ಅಂದೆ. ಸುಳ್ಳಲ್ಲ ಅದು.

ಹತ್ತೊಂಬತ್ತನೇ ದಿನ ಬೆಳಿಗ್ಗೆ ಲಾರಿ ಬಂತು. ಬೋರ್ಡುಗಳು ಕಾಲುದಾರಿಯನ್ನು ಒತ್ತುವರಿ ಮಾಡಿವೆ ಅಂತ ಒಂದು ಆದೇಶ ಓದಿದರು. ಜೊತೆಗೆ, ಬೋರ್ಡಿಲ್ಲದ ಅಂಗಡಿ ಯಾವ ವ್ಯಾಪಾರದ್ದು ಅಂತ ತಿಳಿಯದ ಕಾರಣ ಅದಕ್ಕೆ ಬೇರೆ ದಂಡ ಅಂತ ಇನ್ನೊಂದು. ಹಾಕಿದರೆ ತೆರಿಗೆ, ತೆಗೆದರೆ ದಂಡ. ಪೊಲೀಸರು ನಮ್ಮನ್ನು ಹಿಂದಕ್ಕೆ ತಳ್ಳಿದರು, ಕೂಲಿಯವರು ಬೋರ್ಡುಗಳನ್ನು ಲಾರಿಗೆ ಎಸೆದರು. ಸೂಜಿ ತನ್ನ ಬೋರ್ಡಿನ ಒಂದು ತುದಿ ಹಿಡಿದು ಬಿಡಲೇ ಇಲ್ಲ. ಲಾರಿ ಹೊರಟಿತು. ಅವಳು ಬಿದ್ದಳು. ಬಲಗೈ ಮಣಿಕಟ್ಟಿನಲ್ಲಿ ಎರಡು ಕಡೆ ಮುರಿದಿದೆ. ಕತ್ತರಿ ಹಿಡಿಯುವ ಕೈ.

ಮಾರನೇ ದಿನ ಪ್ಲಾಸ್ಟರ್ ಹಾಕಿಸಿಕೊಂಡು ಬಂದ ಅವಳನ್ನು ನೋಡಲು ಹೋಗಿದ್ದೆ. ಯಾರದೋ ಮದುವೆಯ ಬಟ್ಟೆ ಅರ್ಧ ಹೊಲಿದು ಮಷಿನ್ನಿನಲ್ಲೇ ಇತ್ತು. ಅವಳು ಎಡಗೈಯಲ್ಲಿ ಚಕ್ರ ತಿರುಗಿಸಿ ನೋಡುತ್ತಿದ್ದಳು, ಆಗುತ್ತದಾ ಅಂತ. ಚುಚ್ಚುವ ಒಂದು ಮಾತೂ ಆಡಲಿಲ್ಲ. ನಾನು ಅಲ್ಲಿಂದ ನೇರ ಅಂಗಡಿಗೆ ಬಂದೆ. ಕಪ್ಪು ಎನಾಮಲ್ಲಿನ ಹೊಸ ಡಬ್ಬ, ಎರಡು ಚಪ್ಪಟೆ ಬ್ರಶ್ಶು, ದಾರ, ಏಣಿ ತೆಗೆದುಕೊಂಡೆ. ಅಪ್ಪ ಊಟಕ್ಕೆ ಮನೆಗೆ ಹೋಗಿದ್ದರು.

ಈಗ ಗಟ್ಟಿಯಾಗಿ ಕೂತುಕೊಂಡು ಓದು. ಸಭಾಭವನದ ಗೋಡೆಯ ಮೇಲೆ ಬರೆದದ್ದು ಅಪ್ಪ ಅಲ್ಲ. ನಾನು.

ಉದ್ಘಾಟನೆಗೆ ಮೂರು ದಿನ ಇತ್ತು. ಹಾಡಹಗಲು, ಬಿಸಿಲು ನೆತ್ತಿಯ ಮೇಲಿದ್ದಾಗ ಹೋದೆ. ಏಣಿ ಮತ್ತು ಬಣ್ಣದ ಡಬ್ಬ ಹಿಡಿದವಳನ್ನು ಯಾರೂ ತಡೆಯುವುದಿಲ್ಲ ಅಕ್ಕಾ, ಗುತ್ತಿಗೆದಾರನ ಕಡೆಯವಳು ಅಂದುಕೊಳ್ಳುತ್ತಾರೆ. ಕಾವಲುಗಾರ ತಾನೇ ಬಂದು ಏಣಿ ಜಾರದ ಹಾಗೆ ಕಾಲು ಕೊಟ್ಟ. ಬಿಸಿಲು ಜಾಸ್ತಿ ಅಂತ ತನ್ನ ಬಾಟಲಿಯಿಂದ ನೀರು ಕೊಟ್ಟ. ನಾನು ದಾರ ಹಿಡಿದು ಗೆರೆ ಹಾಕಿ, ಬಾಗಿಲ ಪಕ್ಕದ ಬಿಳಿಕಲ್ಲಿನ ಮೇಲೆ ಆಳೆತ್ತರದ ಅಕ್ಷರದಲ್ಲಿ ಬರೆದೆ: ಇದಕ್ಕೆ ಹಣ ಕೊಟ್ಟವರು ಹೊರಗೆ ನಿಂತಿದ್ದಾರೆ.

ಕಾವಲುಗಾರನಿಗೆ ಓದಲು ಬರುವುದಿಲ್ಲ. ಚೆನ್ನಾಗಿ ಬಂದಿದೆ ಅಂದ. ನಿಜ ಹೇಳಲಾ, ನನಗೂ ಹಾಗೇ ಅನ್ನಿಸಿತು. ಇಳಿದು ದೂರ ಹೋಗಿ ನಿಂತು ನೋಡಿದೆ. ಆ ಗಳಿಗೆಯಲ್ಲಿ ಸೂಜಿಯ ಕೈ, ತೆರಿಗೆ, ಯಾವುದೂ ನೆನಪಿರಲಿಲ್ಲ. ಅಕ್ಷರ ಮಾತ್ರ ನೋಡುತ್ತಿದ್ದೆ. ನಾವಿಬ್ಬರೂ ಚಿಕ್ಕವರಿದ್ದಾಗ ಅಪ್ಪ ಇಬ್ಬರಿಗೂ ಬ್ರಶ್ಶು ಹಿಡಿಸಿದರು. ನಿನಗೆ ಟರ್ಪೆಂಟೈನ್ ವಾಸನೆಗೆ ತಲೆನೋವು ಬಂದು ಪುಸ್ತಕ ಹಿಡಿದೆ, ಮೇಡಮ್ಮಾದೆ. ನಾನು ಮೈಯೆಲ್ಲ ಬಳಿದುಕೊಂಡು ಓಡಾಡಿ ನಿನ್ನ ಬಾಯಲ್ಲಿ ಮಸಿ ಆದೆ, ಮಸಿಯಾಗಿಯೇ ಉಳಿದೆ. ಇಪ್ಪತ್ತು ವರ್ಷದಿಂದ ಅಪ್ಪನ ಜೊತೆ ಬರೆಯುತ್ತಿದ್ದೇನೆ. ನಾನು ಏನು ಬರೆದು ತೋರಿಸಿದರೂ ಅವರು ಹೇಳುವುದು ಒಂದೇ ಮಾತು: ಒಣಗಲಿ. ಚೆನ್ನಾಗಿದೆ ಅಂತಲೂ ಇಲ್ಲ, ಕೆಟ್ಟದಾಗಿದೆ ಅಂತಲೂ ಇಲ್ಲ. ಒಣಗಲಿ.

ಕಲ್ಲು ಬಣ್ಣವನ್ನು ಕುಡಿದುಬಿಟ್ಟಿತ್ತು. ಅವರು ಎಷ್ಟು ಉಜ್ಜಿದರೂ ಹೋಗಲಿಲ್ಲ. ಉದ್ಘಾಟನೆಯ ದಿನ ಅದರ ಮೇಲೆ ನಗರಸಭೆ ಅಧ್ಯಕ್ಷರ ಫೋಟೋದ ದೊಡ್ಡ ಫ್ಲೆಕ್ಸು ಕಟ್ಟಿದರು, ಗಾಳಿಗೆ ಅದು ಎದ್ದಾಗಲೆಲ್ಲ ಅಧ್ಯಕ್ಷರ ಮೊಣಕಾಲ ಕೆಳಗೆ ಹೊರಗೆ ನಿಂತಿದ್ದಾರೆ ಅಂತ ಕಾಣುತ್ತಿತ್ತಂತೆ. ಊರೆಲ್ಲ ನಕ್ಕಿತು. ಅದರ ಮಾರನೇ ಬೆಳಿಗ್ಗೆ ನಮ್ಮ ಅಂಗಡಿಯ ಮುಂದೆ ಜೀಪು ನಿಂತಿತು.

ಅವರು ಹೆಚ್ಚು ತನಿಖೆಯೇನೂ ಮಾಡಬೇಕಾಗಿರಲಿಲ್ಲ. ಲಾರಿಯಲ್ಲಿ ಒಯ್ದ ಅಪ್ಪನ ಇಪ್ಪತ್ತೇಳು ಬೋರ್ಡುಗಳು ನಗರಸಭೆಯ ಹಿತ್ತಲಲ್ಲೇ ಬಿದ್ದಿದ್ದವು. ಗೋಡೆಯ ಫೋಟೋ ತೆಗೆದುಕೊಂಡು ಹೋಗಿ ಪಕ್ಕದಲ್ಲಿ ಹಿಡಿದು ನೋಡಿದ್ದಾರೆ. ಅದೇ ತಲೆಕಟ್ಟು, ಅದೇ ಕೊಂಬು, ಕೊಂಬಿನ ತುದಿಯಲ್ಲಿ ಬೆಕ್ಕು ಬಾಲ ಮಡಿಸಿದ ಹಾಗೆ ಒಂದು ಸಣ್ಣ ತಿರುವು. ಊರಲ್ಲಿ ಆ ತಿರುವು ಹಾಕುವುದು ಒಬ್ಬರೇ ಅಂತ ಎಲ್ಲರಿಗೂ ಗೊತ್ತು. ಇಬ್ಬರು ಅಂತ ಯಾರಿಗೂ ಗೊತ್ತಿಲ್ಲ. ಗೊತ್ತಾಗುವುದಾದರೂ ಹೇಗೆ, ನಾನು ಬರೆದ ಬೋರ್ಡುಗಳ ಮೂಲೆಯಲ್ಲೂ ಅಪ್ಪನ ಗುರುತೇ ಇರುತ್ತದೆ.

ನಾನು ಹಿಂದಿನ ಕೋಣೆಯಲ್ಲಿದ್ದೆ. ಟರ್ಪೆಂಟೈನಿನಲ್ಲಿ ಕೈ ಅದ್ದಿತ್ತು. ಪೊಲೀಸಪ್ಪ ಫೋಟೋ ಕೊಟ್ಟು ಇದು ಯಾರ ಕೈ ಅಂತ ಕೇಳಿದ. ಅಪ್ಪನಿಗೂ ಅವತ್ತಿನವರೆಗೆ ಗೊತ್ತಿರಲಿಲ್ಲ, ನಾನು ಹೇಳಿರಲಿಲ್ಲ. ಅವರು ಕನ್ನಡಕ ಹಾಕಿಕೊಂಡರು. ಫೋಟೋವನ್ನು ಬೆಳಕಿಗೆ ಹಿಡಿದರು. ತುಂಬ ಹೊತ್ತು ನೋಡಿದರು. ಆಮೇಲೆ, ಏನು ಕೇಳಿದೆ ಅಂತ ಹಾಗೇ ಬರೆಯುತ್ತೇನೆ: ನನ್ನದೇ ಸ್ವಾಮಿ. ಅಕ್ಷರದ ನಡುವಿನ ಅಂತರ ನೋಡಿ, ಕೂದಲೆಳೆಯಷ್ಟೂ ಆಚೀಚೆ ಆಗಿಲ್ಲ. ಇಷ್ಟು ಚೆನ್ನಾಗಿ ನನಗೇ ಯಾವತ್ತೂ ಬಂದಿರಲಿಲ್ಲ.

ಇಪ್ಪತ್ತು ವರ್ಷದಲ್ಲಿ ನನಗೆ ಸಿಕ್ಕ ಹೊಗಳಿಕೆ ಅದೊಂದೇ. ಅದನ್ನೂ ಅವರು ತಮ್ಮ ಹೆಸರಿಗೇ ಬರೆದುಕೊಂಡರು.

ಕೈ ಒರೆಸಿಕೊಂಡು ಹೊರಗೆ ಬರುವಷ್ಟರಲ್ಲಿ ಜೀಪು ಹೋಗಿತ್ತು. ಎಷ್ಟು ಹೊತ್ತು ಒರೆಸಿಕೊಂಡೆ ಅಂತ ಕೇಳಬೇಡ.

ಅವತ್ತೇ ಮಧ್ಯಾಹ್ನ ಕಾವಲುಗಾರನನ್ನು ಹುಡುಕಿಕೊಂಡು ಹೋದೆ. ನೀನು ನನ್ನನ್ನು ನೋಡಿದ್ದೀಯಲ್ಲ, ನೀರು ಕೊಟ್ಟೆಯಲ್ಲ, ಬಂದು ಅಷ್ಟು ಹೇಳು ಸಾಕು ಅಂತ ಕಾಲಿಗೆ ಬೀಳುವುದೊಂದು ಬಾಕಿ. ಅವನು ಆಗಲೇ, ನಾನು ಕಾವಲಿದ್ದಾಗ ಒಂದು ನರಪಿಳ್ಳೆಯೂ ಬಂದಿಲ್ಲ, ಬಂದಿದ್ದರೆ ಬೆಳಗಿನ ಜಾವ ಪಾಳಿ ಬದಲಾಗುವಾಗ ಬಂದಿರಬೇಕು ಅಂತ ಬರೆಸಿಕೊಟ್ಟಾಗಿತ್ತು. ಹೆಬ್ಬೆಟ್ಟು ಒತ್ತಿಯಾಗಿತ್ತು. ಅವನು ನನ್ನ ಮುಖ ನೋಡದೆ, ತಂಗೀ, ಏಣಿಗೆ ಕಾಲು ಕೊಟ್ಟವನು ನಾನೇ ಅಂತ ಹೇಳಿದರೆ ನನ್ನ ಕೆಲಸ ಉಳಿಯುತ್ತಾ ಅಂತ ಕೇಳಿದ. ಬಿಸಿಲಲ್ಲಿ ನೀರು ಕೊಟ್ಟ ಮನುಷ್ಯ. ವಾಪಸು ಬಂದೆ.

ಮಾರನೇ ದಿನ ಠಾಣೆಗೆ ಹೋದೆ. ಹೋಗಿಯೇ ಇಲ್ಲ ಅಂತ ತಿಳಿಯಬೇಡ. ಚೀಲದಲ್ಲಿ ನನ್ನ ಬ್ರಶ್ಶು, ಸಣ್ಣ ಡಬ್ಬದಲ್ಲಿ ಅದೇ ಕಪ್ಪು ಬಣ್ಣ ಇತ್ತು. ಅಲ್ಲಿಯ ಸಾಹೇಬರು ಕೆಟ್ಟವರೇನಲ್ಲ, ಸುಸ್ತಾದವರು. ಬರೆದದ್ದು ನಾನು, ನಮ್ಮಪ್ಪನನ್ನು ಬಿಡಿ ಅಂದೆ. ಅವರು ಕೂತುಕೊಳ್ಳಮ್ಮ ಅಂತ ಕುರ್ಚಿ ತೋರಿಸಿ, ವಾರಕ್ಕೊಬ್ಬರು ಹೀಗೇ ಬರುತ್ತಾರೆ, ಹೆತ್ತವರಿಗಾಗಿ ಮಕ್ಕಳು, ಮಕ್ಕಳಿಗಾಗಿ ಹೆತ್ತವರು, ಎಲ್ಲರೂ ನಾನೇ ನಾನೇ ಅಂತಾರೆ, ನಾನು ಯಾರನ್ನು ನಂಬಲಿ ಅಂದರು. ನಿಮ್ಮ ಕಣ್ಣ ಮುಂದೆ ಬರೆದು ತೋರಿಸುತ್ತೇನೆ ಅಂದೆ. ಅವರಿಗೆ ಕುತೂಹಲ ಬಂತೋ, ಬೇಗ ಮುಗಿಯಲಿ ಅನ್ನಿಸಿತೋ, ಹಳೇ ಕ್ಯಾಲೆಂಡರಿನ ಹಾಳೆ ತಿರುಗಿಸಿ ಮೇಜಿನ ಮೇಲೆ ಹಾಸಿದರು. ಅಪ್ಪನನ್ನೂ ಕರೆಸಿದರು.

ಅಪ್ಪ ಬಂದು ಬಾಗಿಲ ಹತ್ತಿರ ನಿಂತರು. ಅಂಗಿಯ ಗುಂಡಿ ಒಂದು ಮೇಲೆ ಕೆಳಗೆ ಆಗಿತ್ತು. ನಾನು ಬ್ರಶ್ಶು ಅದ್ದುವ ಮುಂಚೆಯೇ ಅವರು ಶುರುಮಾಡಿದರು. ಸಾಹೇಬರೇ, ಇವಳ ಮಾತು ಕಟ್ಟಿಕೊಳ್ಳಬೇಡಿ. ಇಪ್ಪತ್ತು ವರ್ಷ ಕಲಿಸಿದೆ, ಇವಳಿಗೆ ಒಂದು ಕೊಂಬು ನೆಟ್ಟಗೆ ಬರಲಿಲ್ಲ. ಬಣ್ಣ ಕಲಸುವುದಕ್ಕೆ, ಡಬ್ಬ ತೊಳೆಯುವುದಕ್ಕೆ ಇಟ್ಟುಕೊಂಡಿದ್ದೇನೆ. ನನ್ನ ಮೇಲಿನ ಪ್ರೀತಿಗೆ ಬಂದಿದ್ದಾಳೆ, ಕಳಿಸಿಬಿಡಿ.

ಅಲ್ಲಿದ್ದ ಪೇದೆಗಳು ನಕ್ಕರು. ಸಾಹೇಬರು ನನ್ನ ಕಡೆ ತಿರುಗಿ, ಬರಿಯಮ್ಮ ಅಂದರು.

ಬರೆದೆ. ಅದೇ ಐದು ಪದ. ಕೈ ನಡುಗಿಬಿಟ್ಟಿತು ಅಕ್ಕಾ. ಗೆರೆ ಹಾವಿನ ಹಾಗೆ ಹೋಯಿತು, ಕೊಂಬು ಬಿದ್ದುಹೋಯಿತು, ಒಂದು ಅಕ್ಷರಕ್ಕೂ ಇನ್ನೊಂದಕ್ಕೂ ನಂಟೇ ಇಲ್ಲ. ಸಾಹೇಬರು ಪಕ್ಕದಲ್ಲಿ ಫೋಟೋ ಇಟ್ಟು ನೋಡಿ ತಲೆಯಾಡಿಸಿದರು. ಅಪ್ಪ ಹತ್ತಿರ ಬಂದು ಹಾಳೆಯ ಮೇಲೆ ಬಗ್ಗಿದರು. ಒಂದು ಸಲ ಹಾಳೆ ನೋಡಿದರು, ಒಂದು ಸಲ ನನ್ನನ್ನು ನೋಡಿದರು. ಆಮೇಲೆ, ನಾನು ಹೇಳಲಿಲ್ಲವಾ ಅಂದರು. ಅಷ್ಟೇ. ಅವರನ್ನು ಒಳಗೆ ಕರೆದುಕೊಂಡು ಹೋದರು. ಸಾಹೇಬರು ಹಾಳೆಯನ್ನು ಉಂಡೆ ಮಾಡಿ ಬುಟ್ಟಿಗೆ ಹಾಕಿ, ಮನೆಗೆ ಹೋಗಮ್ಮ, ವಯಸ್ಸಾದವರು, ಕೋರ್ಟಿನಲ್ಲಿ ಕ್ಷಮೆ ಕೇಳಿದರೆ ಬಿಟ್ಟುಬಿಡುತ್ತಾರೆ ಅಂದರು.

ಅಪ್ಪ ಕ್ಷಮೆ ಕೇಳಲಿಲ್ಲ. ಬರೆದದ್ದರಲ್ಲಿ ಏನು ಸುಳ್ಳಿದೆ ಹೇಳಿ, ತಿದ್ದಿಕೊಡುತ್ತೇನೆ ಅಂದರು. ಜಡ್ಜಮ್ಮನಿಗೆ ನಗು ಬಂತು, ಆದರೂ ಆರು ತಿಂಗಳು ಕೊಟ್ಟರು. ಸಾರ್ವಜನಿಕ ಆಸ್ತಿಗೆ ಹಾನಿ. ಮೊದಲ ಸಲ ಕೋರ್ಟಿಗೆ ಇಡೀ ಬೀದಿಯೇ ಬಂದಿತ್ತು, ಒಳಗೆ ಕೂರಲು ಜಾಗ ಸಾಲಲಿಲ್ಲ. ಎರಡನೇ ಸಲ ಹತ್ತು ಜನ. ತೀರ್ಪಿನ ದಿನ ನಾನು, ಪ್ಲಾಸ್ಟರ್ ಕೈಯ ಸೂಜಿ, ವಾಚ್ ರಿಪೇರಿಯವರು. ಅವರೂ ಮಧ್ಯದಲ್ಲಿ ಎದ್ದುಹೋದರು, ಅವತ್ತೇ ತೆರಿಗೆ ಕಟ್ಟಲು ಕೊನೆಯ ದಿನ.

ಬೀದಿಯವರ ಮೇಲೆ ನನಗೆ ಕೋಪ ಇಲ್ಲ. ಇತ್ತು, ಈಗ ಇಲ್ಲ. ಅಂಗಡಿಗಳಿಗೆ ಬೀಗ ಹಾಕುತ್ತೇವೆ ಅಂತ ನೋಟೀಸು ಬಂದಾಗ ಮೊದಲು ಬಟ್ಟೆ ಅಂಗಡಿಯವರು ಹೋಗಿ ಕಟ್ಟಿದರು, ಆಮೇಲೆ ಮದ್ದಿನಂಗಡಿ, ಆಮೇಲೆ ಸಾಲಾಗಿ ಎಲ್ಲರೂ. ಸಣ್ಣ ಬೋರ್ಡಿಗೆ ಸಣ್ಣ ತೆರಿಗೆ ಅಂತ ರಾಜಿ ಆಯಿತು. ಈಗ ಬೀದಿಯುದ್ದಕ್ಕೂ ಮೊಳ ಅಗಲದ ಫ್ಲೆಕ್ಸುಗಳು. ನಮ್ಮ ಬೋರ್ಡುಗಳನ್ನು ಬಿಡಿಸಿಕೊಳ್ಳಬೇಕಾದರೆ ಅದಕ್ಕೂ ಶುಲ್ಕ ಅಂತ ಯಾರೂ ಬಿಡಿಸಿಕೊಳ್ಳಲಿಲ್ಲ, ಅವು ನಗರಸಭೆಯ ಹಿತ್ತಲಲ್ಲಿ ಬಿಸಿಲಿಗೆ ಸಿಪ್ಪೆ ಏಳುತ್ತಾ ಬಿದ್ದಿವೆ. ಎಲ್ಲರೂ ದಾರಿಯಲ್ಲಿ ನನ್ನನ್ನು ನಿಲ್ಲಿಸಿ ಬೋರ್ಡು ಮಾಸ್ತರು ಹೇಗಿದ್ದಾರೆ ಅಂತ ಕೇಳುತ್ತಾರೆ. ಕೇಳುವಾಗ ನನ್ನ ಹೆಗಲ ಮೇಲಿಂದ ಆಚೆ ನೋಡುತ್ತಾರೆ. ಚರಂಡಿಗೆ ಮುಚ್ಚಳ ಮಾತ್ರ ಇನ್ನೂ ಬಂದಿಲ್ಲ.

ಸೂಜಿಗೆ ಗೋಡೆಯ ವಿಷಯ ಹೇಳಿದೆ. ಅವಳು, ಈಗ ಹೇಳಿ ಯಾರಿಗೆ ಉಪಯೋಗ ಅಂದಳು. ವಕೀಲರೂ ಅದನ್ನೇ ಅಂದರು. ತಪ್ಪು ಒಪ್ಪಿಕೊಂಡವನಿಗೆ ಶಿಕ್ಷೆ ಆಗಿದೆ, ನಿನ್ನ ಹತ್ತಿರ ಸಾಕ್ಷಿ ಇಲ್ಲ, ಬರೆದು ತೋರಿಸಿದ್ದೂ ನಿನಗೆ ವಿರುದ್ಧವಾಗಿಯೇ ಇದೆ. ನಾನು ಎಲ್ಲಿ ಹೋಗಿ ಬಾಗಿಲು ತಟ್ಟಿದರೂ ಒಳಗಿರುವವರು ನಮ್ಮಪ್ಪನನ್ನು ತೋರಿಸಿ, ಜಾಗ ಭರ್ತಿ ಆಗಿದೆ ಅನ್ನುತ್ತಾರೆ.

ಹೋದ ವಾರ ಅಪ್ಪನನ್ನು ನೋಡಿದೆ. ಇಳಿದಿದ್ದಾರೆ, ಆದರೆ ನಾನು ಹೆದರಿದಷ್ಟಲ್ಲ. ಅವರು ಯಾರು ಅಂತ ತಿಳಿದು ಅಲ್ಲಿಯವರು ಕೋಣೆಗಳ ನಂಬರು, ಅಡುಗೆಮನೆಯ ಬೋರ್ಡು, ಸಾಲಾಗಿ ನಿಲ್ಲಿ ಅನ್ನುವ ಬರಹ ಎಲ್ಲ ಅವರ ಕೈಯಲ್ಲೇ ಬರೆಸುತ್ತಿದ್ದಾರಂತೆ. ಇಲ್ಲಿಯ ಬೋರ್ಡಿಗೆ ತೆರಿಗೆ ಇಲ್ಲ ಮಗಳೇ ಅಂತ ನಕ್ಕರು. ನನಗೆ ನಗಲಾಗಲಿಲ್ಲ. ಆಪರೇಷನ್ ಆದ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಹನಿ ಹಾಕುವ ಔಷಧಿ ಒಳಗೆ ಬಿಡಲು ಡಾಕ್ಟರ ಚೀಟಿಗೆ ಇನ್ನೊಂದು ಸಹಿ ಬೇಕಂತೆ. ಆ ಸಹಿಗೆ ನಾನು ಮೂರು ದಿನ ಅಲೆದೆ. ನಿನ್ನೆ ಸಿಕ್ಕಿತು. ಶನಿವಾರ ನೀನೇ ಔಷಧಿ ಒಯ್ದು ಕೊಡು, ಚೀಟಿಯನ್ನು ಇದರ ಜೊತೆ ಇಟ್ಟಿದ್ದೇನೆ. ನಿನ್ನ ಗುರುತಿನ ಚೀಟಿಯ ಎರಡು ಪ್ರತಿ, ಎರಡು ಫೋಟೋ ತಾ. ಒಂಬತ್ತು ಗಂಟೆಗೇ ಸಾಲಿನಲ್ಲಿ ನಿಲ್ಲು, ಹತ್ತು ದಾಟಿದರೆ ಮುಂದಿನ ಸಲ ಬನ್ನಿ ಅನ್ನುತ್ತಾರೆ. ಮಾತಾಡಲು ಕೊಡುವುದು ಹದಿನೈದು ನಿಮಿಷ, ಮಧ್ಯೆ ಜಾಲರಿ ಇರುತ್ತದೆ. ಅವರನ್ನು ಬೈಯಬೇಡ. ಗೋಡೆಯ ಸುದ್ದಿ ಎತ್ತಬೇಡ. ಎತ್ತಿದರೆ ಅವರು ನಿನಗೂ ಅದೇ ಕಥೆ ಹೇಳುತ್ತಾರೆ, ಬೆಳಗಿನ ಜಾವ ಎದ್ದು ಹೋದದ್ದು, ಕಾವಲುಗಾರರು ಪಾಳಿ ಬದಲಾಯಿಸುತ್ತಿದ್ದದ್ದು, ಎಲ್ಲ. ಹೇಳಿ ಹೇಳಿ ಈಗ ಅವರಿಗೇ ಅದು ನಿಜ ಆಗಿಬಿಟ್ಟಿದೆ ಅಂತ ನನಗೆ ಅನುಮಾನ. ಗೆರೆ ಹಾಕಲು ಯಾವ ದಾರ ಬಳಸಿದೆ ಅಂತ ಕೂಡ ಹೇಳುತ್ತಾರೆ.

ಏನು ಮಾಡೋಣ ಅಂತ ಕೇಳಿದ್ದೀ. ನನಗೆ ಗೊತ್ತಿಲ್ಲ ಅಕ್ಕಾ. ಬೆಳಿಗ್ಗೆ ಎದ್ದು ಅಂಗಡಿ ತೆಗೆಯುತ್ತೇನೆ. ಯಾರೂ ಬರುವುದಿಲ್ಲ. ಬ್ರಶ್ಶುಗಳು ಗಟ್ಟಿಯಾಗದಿರಲಿ ಅಂತ ದಿನಾ ಒಂದು ಸಲ ಎಣ್ಣೆ ಹಚ್ಚಿಡುತ್ತೇನೆ. ಇನ್ನು ನಾಲ್ಕು ತಿಂಗಳು ಹನ್ನೊಂದು ದಿನ. ನೀನು ಬಂದು ಎರಡು ದಿನ ಇದ್ದು ಹೋಗು, ಅಷ್ಟು ಸಾಕು. ಬೈಯುವುದಿದ್ದರೆ ಇಲ್ಲಿ ಬಂದು ಎದುರಿಗೆ ಬೈ, ಕಾಗದದಲ್ಲಿ ಬೇಡ. ಕಾಗದವನ್ನು ನಾನು ಮತ್ತೆ ಮತ್ತೆ ಓದುತ್ತೇನೆ.

ಭಾವನಿಗೆ ನಮಸ್ಕಾರ ಹೇಳು. ಮಕ್ಕಳಿಗೆ ತಾತ ಬೋರ್ಡು ಬರೆಯಲು ಬೇರೆ ಊರಿಗೆ ಹೋಗಿದ್ದಾರೆ ಅಂತಲೇ ಇರಲಿ.

ಬಾ ಅಕ್ಕಾ, ಕಾಯುತ್ತಿರುತ್ತೇನೆ.

ನಿನ್ನ ತಂಗಿ,
ಮಸಿ

ತಾ.ಕ.: ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದ್ದೇನೆ. ಠಾಣೆಯಲ್ಲಿ ನನ್ನ ಕೈ ನಡುಗಲಿಲ್ಲ. ಸಾಹೇಬರು ಬರಿಯಮ್ಮ ಅಂದಾಗ ಎದುರಿಗೆ ತೆರೆದ ಬಾಗಿಲಲ್ಲಿ ಒಳಗಿನ ಕಂಬಿ, ನೆಲದ ಮೇಲಿನ ಚಾಪೆ ಕಾಣಿಸಿತು. ಬ್ರಶ್ಶು ಅದ್ದುವವರೆಗೂ ಸರಿಯಾಗಿ ಬರೆಯಬೇಕು ಅಂತಲೇ ಇತ್ತು. ಬೇಕೆಂದೇ ಕೆಡಿಸಿ ಬರೆದೆ. ನಡುಗಿದ ಗೆರೆ ಯಾವುದು, ಕೆಡಿಸಿದ ಗೆರೆ ಯಾವುದು ಅಂತ ಸಾಹೇಬರಿಗೆ ತಿಳಿಯಲಿಲ್ಲ. ಅಪ್ಪ ಹಾಳೆಯ ಮೇಲೆ ಬಗ್ಗಿ ನೋಡಿದರು ಅಂತ ಬರೆದಿದ್ದೇನಲ್ಲ, ಅವರಿಗೆ ತಿಳಿಯಿತು.